ಹೊಗೆಸೊಪ್ಪಿನ ಸುಂಕ

ಸಿಗರೇಟಿನ ಸುಂಕವನ್ನು ಏರಿಸಬೇಕೆ, ಬೇಡವೆ ಎಂಬ ವಾದವನ್ನು ಕೇಳುವಾಗ ತಾಳವಾಡಿ ಬೆಟ್ಟದ ಕನ್ನಡಿಗರಾದ ನಮಗೆ ನಮ್ಮ ಸೀಮೆಯ ಹಳೆಯ ಸಂಗತಿಯೊಂದು ನೆನಪಾಗುತ್ತದೆ. 1799ರಲ್ಲಿ ಟೀಪು ಸುಲ್ತಾನನು ಮಡಿದ ಮೇಲೆ ಕೊಯಮುತ್ತೂರು ಸೀಮೆಯು ಕಂಪನಿಯ ಕೈಸೇರಿತು. ಮುಂದಿನ ದಶಕಗಳಲ್ಲಿ ಕೊಯಮುತ್ತೂರು, ಮಲಬಾರು, ಕೆನರಾ ಜಿಲ್ಲೆಗಳ ಹೊಗೆಸೊಪ್ಪಿನ ವ್ಯಾಪಾರವನ್ನೆಲ್ಲ ಕಂಪನಿಯು ತನ್ನ ಏಕಸ್ವಾಮ್ಯಕ್ಕೆ ಒಳಪಡಿಸಿತು. ರೈತನಿಂದ ಅಗ್ಗಕ್ಕೆ ಕೊಂಡು, ಕೂಲಿಯವನಿಗೆ ತುಟ್ಟಿಯಾಗಿ ಮಾರುವುದೇ ಅದರ ಮರ್ಮ. ಕೆನರಾದಲ್ಲಿ 1830-31ರಲ್ಲಿ ಎದ್ದ ರೈತಕೂಟಗಳ ದೂರುಗಳಲ್ಲಿ ಭೂಕಂದಾಯದೊಡನೆ ಇದೂ ಸೇರಿತ್ತು. ಕಡೆಗೆ 1853ರಲ್ಲಿ ಆ ಕಟ್ಟಳೆ ರದ್ದಾಯಿತು.

1943ರಲ್ಲಿ ಬ್ರಿಟಿಷ್ ಸರಕಾರವು ಯುದ್ಧಕಾಲದ ವೆಚ್ಚಗಳ ನಡುವೆ ಹೊಗೆಸೊಪ್ಪಿಗೆ ಅಬಕಾರಿ ಸುಂಕವನ್ನು ವಿಧಿಸಿತು. ಆಗಲೂ ನೋಟವಿದ್ದುದು ಬೊಕ್ಕಸದ ಮೇಲೆಯೇ. ಜನರ ಆರೋಗ್ಯವೆಂಬ ಮಾತು ಈ ವಾದದೊಳಗೆ ಬಂದುದು ತೀರ ಈಚೆಗೆ. ಆದರೂ 2017ರ ಜಿ.ಎಸ್.ಟಿ.ಯಲ್ಲಿ ಸಿಗರೇಟಿಗೆ ಶೇಕಡ 28ರ ತೆರಿಗೆಯ ಮೇಲೆ ಸೆಸ್ಸನ್ನೂ ಹೇರಿ, ಬೀಡಿಯನ್ನು ಸೆಸ್ಸಿನಿಂದ ಬಿಟ್ಟರು. ಬೀಡಿ ಕಟ್ಟುವವರ ಅನ್ನದ ಪ್ರಶ್ನೆ ದೊಡ್ಡದು, ನಿಜ. ಆದರೆ ಸೇದುವ ಬಡವನ ಶ್ವಾಸಕೋಶಕ್ಕೆ ಈ ರಿಯಾಯಿತಿಯಿಂದ ಬಂದ ಭಾಗ್ಯವೇನು?

ಜನ ಹೆಚ್ಚು ಕೊಂಡಷ್ಟೂ ಕಂಪನಿಗೆ ಸಂತೋಷ. ಇಂದಿನ ಸುಂಕವು ಅದಕ್ಕಿಂತ ಬೇರೆಯೆನ್ನುವುದಾದರೆ, ಮಾರಾಟ ಕುಗ್ಗಿ ಬೊಕ್ಕಸ ಬರಿದಾದಾಗ ಸರಕಾರ ಹಿಗ್ಗಬೇಕು. ಸುಂಕದ ಉದ್ದೇಶವನ್ನು ಅಳೆಯಲು ನಮಗೆ ತೋರುವ ಒರೆಗಲ್ಲು ಇದೊಂದೇ.