ಕಡೆದ ಕಂಬಗಳು

ಹೊಯ್ಸಳ ಶಿಲ್ಪವೆಂದೊಡನೆ ನಮ್ಮ ರಸಿಕರಿಗೆ ನೆನಪಾಗುವವರು ಬೇಲೂರಿನ ಮದನಿಕೆಯರು. ಅವರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಕಂಬಗಳನ್ನು ಕಡೆದವರತ್ತ ಮಾತ್ರ ನಮ್ಮ ಕಣ್ಣು ಹರಿಯುವುದು ಕಡಮೆ. ಇದು ಅನ್ಯಾಯವೆಂದೇ ನನ್ನ ಭಾವನೆ.

೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ನವರಂಗದಲ್ಲಾಗಲಿ, ಹಳೇಬೀಡಿನ ಹೊಯ್ಸಳೇಶ್ವರದಲ್ಲಾಗಲಿ, ಅರಸೀಕೆರೆಯಲ್ಲಿ ೧೨೨೦ರ ಈಶ್ವರ ದೇವಾಲಯದಲ್ಲಾಗಲಿ, ಹೊಳಪೇರಿದ ದುಂಡು ಕಂಬಗಳನ್ನು ಹತ್ತಿರದಿಂದ ನೋಡಬೇಕು. ಕೆಲವುಗಳ ಮೈಸುತ್ತ ಬಳೆ ತೊಡಿಸಿದಂತೆ ನವುರಾದ ಗೀರುಗಳಿವೆ. ಮೆದುವಾದ ಬಳಪದ ಕಲ್ಲು ಅಚ್ಚಿನ ಮೇಲೆ ತಿರುಗುವಾಗ ಉಳಿ ತಾಗಿ ಉಳಿದ ಗುರುತುಗಳಿವು.

ಕಲ್ಲನ್ನು ನಿಲ್ಲಿಸಿ ತಿರುಗಿಸಿದರೋ ಮಲಗಿಸಿ ತಿರುಗಿಸಿದರೋ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೇಗೇ ಇರಲಿ, ಅಚ್ಚು ನಡುವಿನಿಂದ ಎಳ್ಳಷ್ಟು ಸರಿದರೂ ಕಲ್ಲು ಓಲಾಡುತ್ತದೆ. ಉಳಿ ಒಂದೇ ಮಗ್ಗುಲನ್ನು ಉಜ್ಜುತ್ತದೆ.

ವಿದ್ಯುದಾಗಾರದ ಟರ್ಬೈನಿಗೂ ಈ ತೊಡಕು ತಪ್ಪಿದ್ದಲ್ಲ. ಅಮೆರಿಕದ ಇಂಜಿನಿಯರ್ ನ್ಯೂಕರ್ಕ್ ೧೯೨೬ರಲ್ಲಿ ಅದನ್ನು ವಿವರಿಸಿದನು: ವೇಗವಾಗಿ ತಿರುಗುವ ಉಕ್ಕಿನ ದಂಡದ ಒಂದು ಮಗ್ಗುಲು ಉಜ್ಜಿದರೆ ಕಾಯುತ್ತದೆ, ಕಾದರೆ ಹಿಗ್ಗುತ್ತದೆ, ಹಿಗ್ಗಿದಾಗ ದಂಡ ಬಾಗಿ ಅಲ್ಲಿಯೇ ಮತ್ತಷ್ಟು ಉಜ್ಜುತ್ತದೆ, ನಡುಕ ಬೆಳೆಯುತ್ತ ಹೋಗುತ್ತದೆ. ಮೆಲ್ಲನೆ ತಿರುಗುವ ದಪ್ಪ ಕಲ್ಲಿಗೆ ಹೀಗೆ ಕಾದು ಬಾಗುವ ಭಯವಿಲ್ಲ. ನಡು ತಪ್ಪುವ ಭಯ ಮಾತ್ರ ಇದ್ದೇ ಇತ್ತು. ಅದನ್ನು ಗೆದ್ದವರ ಕೈಯ ಹದವೆಂಥದೆಂದು ಆ ಗೀರುಗಳೇ ಹೇಳುತ್ತವೆ.

ಬೇಲೂರಿನ ನರಸಿಂಹ ಕಂಬ ಹಿಂದೆ ತಿರುಗುತ್ತಿತ್ತೆಂಬ ಐತಿಹ್ಯವುಂಟು. ಅಡಿಯಿಂದ ಮುಡಿಯವರೆಗೆ ಕುಸುರಿ ತುಂಬಿದ ಕಂಬ ಅದು. ನಾನು ಈ ಮಾತನ್ನು ನಂಬಲಾರೆ. ಆದರೆ ತಿರುಗಣೆಯ ಮಸುಕು ನೆನಪೊಂದು ಅದರಲ್ಲಿ ಅಡಗಿರಬಹುದೇನೋ. ತಿರುಗಿದ್ದಂತೂ ಅದರ ನೆರೆಯ ದುಂಡು ಕಂಬಗಳು, ಗುಡಿಯಲ್ಲಿ ನಿಲ್ಲುವ ಮುನ್ನ.