ಜಪ್ತಿಯಾದ ರೆಕ್ಕೆಗಳು

ಸಾಲ ತೀರಿಸದವನ ಮನೆಗೆ ಕೋರ್ಟಿನ ಅಮೀನ ಬಂದು ಪಾತ್ರೆಪಗಡ ಜಪ್ತಿ ಮಾಡಿದ ಕಥೆಗಳನ್ನು ನಾವು ಹಿರಿಯರಿಂದ ಕೇಳಿದ್ದೇವೆ. ಬಾಕಿಗಾಗಿ ಹಡಗನ್ನು ಬಂದರಿನಲ್ಲೇ ತಡೆದು ನಿಲ್ಲಿಸುವ ಪದ್ಧತಿಯೂ ಹಳೆಯದು. ವಿಮಾನದ ವಿಷಯದಲ್ಲಿ ಮಾತ್ರ ಕಾನೂನು ಮೊದಲಿಗೆ ಹಿಂಜರಿಯಿತು. ನಿಯತ ಮಾರ್ಗದಲ್ಲಿ ಜನರನ್ನು ಒಯ್ಯುವ ವಿಮಾನಗಳನ್ನು 1933ರ ರೋಮ್ ಒಪ್ಪಂದವು ತೀರ್ಪಿಗೆ ಮುಂಚಿನ ಜಪ್ತಿಯಿಂದ ಹೊರಗಿಟ್ಟಿತು. ಒಬ್ಬನ ಸಾಲಕ್ಕೆ ಊರವರ ಪ್ರಯಾಣ ನಿಲ್ಲಬಾರದೆಂಬುದು ಅದರ ಇಂಗಿತವಿರಬೇಕು.

2001ರ ಕೇಪ್ ಟೌನ್ ಒಪ್ಪಂದದ ಹೊತ್ತಿಗೆ ಕಾಲ ಬದಲಾಗಿತ್ತು. ಅನೇಕ ಸಂಸ್ಥೆಗಳು ಹಾರಿಸುತ್ತಿದ್ದುದು ಗುತ್ತಿಗೆಯ ವಿಮಾನಗಳನ್ನು. ಅವುಗಳ ಒಡೆಯರು ದೂರದ ಐರ್ಲೆಂಡಿನಂತಹ ದೇಶಗಳಲ್ಲಿದ್ದರು. ಬಾಡಿಗೆ ನಿಂತರೆ ವಿಮಾನವನ್ನು ಬೇಗ ಬಿಡಿಸಿಕೊಳ್ಳುವ ಹಕ್ಕು ಅವರಿಗೆ ದೊರೆಯಿತು. 2008ರಲ್ಲಿ ಭಾರತವೂ ಇದಕ್ಕೆ ಸೇರಿತು.

ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿದಾಗ ಈ ಹಕ್ಕಿನ ಪರೀಕ್ಷೆಯಾಯಿತು. ಇಲ್ಲಿನ ನೋಂದಣಿ ರದ್ದಾಗದೆ ವಿಮಾನವನ್ನು ಬೇರೆ ದೇಶದ ಸಂಸ್ಥೆಗೆ ಕೊಡುವಂತಿಲ್ಲ. ಒಡೆಯರು ರದ್ದತಿ ಕೋರಿದರು. ತೆರಿಗೆಯವರೂ ನಿಲ್ದಾಣದವರೂ ತಮ್ಮ ಬಾಕಿಗೆ ಪಟ್ಟು ಹಿಡಿದಿದ್ದರು. ಕೊನೆಗೆ 2013ರಲ್ಲಿ ದೆಹಲಿ ಹೈಕೋರ್ಟ್ ಒಡೆಯರ ಪರ ನಿಂತಿತು. ವಿಜಯ್ ಮಲ್ಯ ಬಳಸುತ್ತಿದ್ದ ಐಷಾರಾಮಿ ಏರ್‌ಬಸ್ ಮಾತ್ರ ಸೇವಾ ತೆರಿಗೆಯ ಬಾಕಿಗೆ ಸಿಕ್ಕಿ ಮುಂಬಯಿಯಲ್ಲಿ ವರ್ಷಗಟ್ಟಲೆ ನಿಂತು, ಹಲವು ಹರಾಜುಗಳು ವಿಫಲವಾದ ಮೇಲೆ 2018ರಲ್ಲಿ 34.8 ಕೋಟಿ ರೂಪಾಯಿಗೆ ಹೋಯಿತು.

2023ರಲ್ಲಿ ಗೋ ಫಸ್ಟ್ ತಾನಾಗಿಯೇ ದಿವಾಳಿ ಅರ್ಜಿ ಹಾಕಿತು. ದಿವಾಳಿ ಸಂಹಿತೆಯ ತಡೆಯಾಜ್ಞೆಯಿಂದಾಗಿ ಒಡೆಯರಿಗೆ ತಮ್ಮ ವಿಮಾನವನ್ನೇ ಒಯ್ಯಲಾಗಲಿಲ್ಲ. ಅಕ್ಟೋಬರಿನಲ್ಲಿ ಸರ್ಕಾರ ವಿಮಾನಗಳನ್ನು ಆ ತಡೆಯಿಂದ ಹೊರಗಿಟ್ಟಿತು. ಮರುವರ್ಷ ಏಪ್ರಿಲಿನಲ್ಲಿ ದೆಹಲಿ ಹೈಕೋರ್ಟ್ 54 ವಿಮಾನಗಳ ನೋಂದಣಿ ರದ್ದತಿಗೆ ಆದೇಶಿಸಿತು. 2025ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂತು.

ಒಡೆಯರ ಹಕ್ಕು ನ್ಯಾಯವಾದದ್ದೇ, ವಸ್ತು ಅವರದು. ಆದರೆ ಒಪ್ಪಂದಕ್ಕೆ ಸೇರುವಾಗ ಭಾರತ ಸಲ್ಲಿಸಿದ ಘೋಷಣೆಗಳನ್ನು ಓದಿದಾಗ ನಮ್ಮ ಕಣ್ಣು ಒಂದೆಡೆ ನಿಂತಿತು. ವಿಮಾನಕ್ಕೆ ಸಂಬಂಧಿಸಿದ ಸೇವೆಯ ಬಾಕಿಗಾಗಿ ಆ ವಿಮಾನವನ್ನೇ ತಡೆದು ನಿಲ್ಲಿಸುವ ಅಧಿಕಾರವನ್ನು ಸರ್ಕಾರವೂ ಸೇವೆ ಒದಗಿಸುವವರೂ ಉಳಿಸಿಕೊಂಡಿದ್ದಾರೆ. ನೌಕರರ ಸಂಬಳಕ್ಕೂ ಆದ್ಯತೆಯಿದೆ, ಆದರೆ ಸಂಸ್ಥೆ ಗುತ್ತಿಗೆಯ ಕರಾರಿಗೆ ತಪ್ಪಿತೆಂದು ಘೋಷಣೆಯಾದ ಮೇಲಿನ ಸಂಬಳಕ್ಕೆ ಮಾತ್ರ. ತಿಂಗಳ ಕೊನೆಗೆ ತಪ್ಪದೆ ಸಂಬಳ ಎಣಿಸುವ ನಮ್ಮಂಥವರಿಗೆ ಇದು ಸಣ್ಣ ಷರತ್ತಾಗಿ ಕಾಣಬಹುದು. ಕಿಂಗ್‌ಫಿಷರಿನ ಎಂಜಿನಿಯರರು ಸಂಬಳಕ್ಕಾಗಿ ಮುಷ್ಕರ ಹೂಡಿದ್ದು ತಿಂಗಳುಗಟ್ಟಲೆ ಕಾದು ಸೋತ ಮೇಲೆ. ಘೋಷಣೆಗೆ ಮುಂಚಿನ ಅಂತಹ ತಿಂಗಳುಗಳಿಗೆ ಈ ಆದ್ಯತೆಯ ಪಟ್ಟಿಯಲ್ಲಿ ಸ್ಥಳವಿಲ್ಲ.