ಇಂಗ್ಲೆಂಡಿನ ಹಸುರು ಹಾಸು

ನಮ್ಮಲ್ಲಿ ಹುಲ್ಲೆಂದರೆ ದನದ ಮೇವು, ಇಲ್ಲವೆ ಹೊಲದ ಕಳೆ. ಗಣಪತಿಗೆ ಏರಿಸುವ ಗರಿಕೆಯನ್ನು ಬಿಟ್ಟರೆ ಹುಲ್ಲಿಗೆ ನಾವು ಸಲ್ಲಿಸುವ ಗೌರವ ಅಲ್ಪವೇ. ತಿನ್ನುವುದಕ್ಕಿಲ್ಲದ, ಮಾರುವುದಕ್ಕಿಲ್ಲದ ಹುಲ್ಲನ್ನು ಮನೆಯ ಮುಂದೆ ಬೆಳೆಸಿ, ಬೆಳೆದೊಡನೆ ಕತ್ತರಿಸಿ, ಕತ್ತರಿಸಿದ್ದು ಮತ್ತೆ ಬೆಳೆಯಲೆಂದು ಗೊಬ್ಬರವಿಕ್ಕುವ ಜನರುಂಟೆಂದು ಹೇಳಿದರೆ ನಮ್ಮ ಹಳ್ಳಿಯ ಹಿರಿಯರು ನಕ್ಕಾರು. ಆದರೆ ಇಂಗ್ಲೆಂಡಿನ ಆ ಹುಲ್ಲುಹಾಸಿನ ಚರಿತ್ರೆಯು ನಗೆಗೆ ಮಾತ್ರ ವಿಷಯವಲ್ಲ. ಅದರಲ್ಲಿ ಮಳೆ ಮಣ್ಣುಗಳ ಗುಣವುಂಟು, ಕೂಲಿಯವರ ಬೆವರುಂಟು, ಊರನ್ನು ಕಳೆದುಕೊಂಡವರ ನಿಟ್ಟುಸಿರುಂಟು, ಒಬ್ಬ ಯಂತ್ರಕುಶಲಿಯ ಬುದ್ಧಿಯೂ ಉಂಟು. ಅದನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಪ್ರಕೃತಿಯ ಮಾತು. ಇತರ ಗಿಡಗಳು ತುದಿಯಲ್ಲಿ ಚಿಗುರುತ್ತವೆ. ತುದಿಯನ್ನು ಚಿವುಟಿದರೆ ಅವುಗಳ ಬೆಳವಣಿಗೆ ಕುಂಠಿತವಾಗುತ್ತದೆ. ಹುಲ್ಲಿನ ಚಿಗುರಾದರೋ ನೆಲಕ್ಕೆ ಅಂಟಿಕೊಂಡ ಬುಡದಲ್ಲಿರುವುದು. ದನ ಕುರಿಗಳು ಮೇಲಿನ ಎಸಳನ್ನು ಮೇದರೂ ಬುಡದಿಂದ ಹೊಸ ಎಸಳು ಏಳುತ್ತದೆ. ಹುಲ್ಲುಹಾಸೆಂಬ ಕಲೆಯೆಲ್ಲ ನಿಂತಿರುವುದು ಈ ಒಂದು ಗುಣದ ಮೇಲೆ. ಶೀತದೇಶದ ಫೆಸ್ಕ್ಯೂ, ಬೆಂಟ್, ರೈ ಮೊದಲಾದ ಹುಲ್ಲುಗಳು ೧೫ರಿಂದ ೨೪ ಡಿಗ್ರಿ ಸೆಂಟಿಗ್ರೇಡಿನ ಹವೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ಚಳಿ ಹೆಚ್ಚಾದಾಗ ಬೆಳೆಯದೆ ನಿಂತರೂ ಸಾಯುವುದಿಲ್ಲ. ಇಂಗ್ಲೆಂಡಿನಲ್ಲಿ ಮಳೆ ಧಾರಾಳವೆಂದು ನಾವು ಭಾವಿಸುವುದುಂಟು. ವಾಸ್ತವವಾಗಿ ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೨೪ ಅಂಗುಲ ಮಾತ್ರ. ನಮ್ಮ ಬೆಂಗಳೂರಿನಲ್ಲಿ ಅದಕ್ಕಿಂತ ಹೆಚ್ಚು ಬೀಳುತ್ತದೆ. ಭೇದವಿರುವುದು ಮೊತ್ತದಲ್ಲಲ್ಲ, ಹಂಚಿಕೆಯಲ್ಲಿ. ಅಲ್ಲಿ ಮುಂಗಾರು ಹಿಂಗಾರುಗಳಿಲ್ಲ. ಹನ್ನೆರಡು ತಿಂಗಳೂ ತುಂತುರು, ಮಂದವಾದ ಬಿಸಿಲು. ಅಲ್ಲಿಯ ಹಸುರಿನ ಮೊದಲನೆಯ ತೋಟಗಾರ ಆ ಆಕಾಶವೇ.

ಎರಡನೆಯ ತೋಟಗಾರ ಮನುಷ್ಯ. ಹದಿಮೂರನೆಯ ಶತಮಾನದಲ್ಲಿಯೇ ಆಲ್ಬರ್ಟಸ್ ಮಾಗ್ನಸ್ ಎಂಬ ಜರ್ಮನ್ ಪಂಡಿತನು ಹುಲ್ಲುಹಾಸನ್ನು ಮಾಡುವ ಕ್ರಮವನ್ನು ಬರೆದಿಟ್ಟನು. ನೆಲವನ್ನು ಅಗೆದು ಬೇರುಗಳನ್ನೆಲ್ಲ ತೆಗೆಯಬೇಕು. ಉಳಿದ ಬೀಜಗಳು ಮೊಳೆಯದಂತೆ ಕುದಿಯುವ ನೀರನ್ನು ಹೊಯ್ಯಬೇಕು. ಅನಂತರ ಬೇರುಮಣ್ಣು ಸಹಿತ ಕೊಯ್ದು ತಂದ ಹುಲ್ಲಿನ ಹೆಂಟೆಗಳನ್ನು ಹಾಸಿ ಮರದ ಕೊಡತಿಯಿಂದ ಬಡಿಯಬೇಕು. ಏಳು ನೂರು ವರ್ಷಗಳು ಕಳೆದರೂ ಕಳೆ ತೆಗೆ, ನೆಲ ಸಮ ಮಾಡು, ಹುಲ್ಲು ಹಾಸಿ ಒತ್ತು ಎಂಬ ಈ ಕ್ರಮದ ತಿರುಳು ಬದಲಾಗಿಲ್ಲ. ೧೬೨೫ರಲ್ಲಿ ಫ್ರಾನ್ಸಿಸ್ ಬೇಕನ್ನನು ಉದ್ಯಾನವನ್ನು ಕುರಿತು ಬರೆದ ಪ್ರಬಂಧದಲ್ಲಿ ನುಣ್ಣಗೆ ಕತ್ತರಿಸಿದ ಹುಲ್ಲಿಗೆ ವಿಶೇಷ ಸ್ಥಾನವನ್ನೇ ಕೊಟ್ಟನು. ಆದರೆ ಆ ನುಣುಪು ಸುಲಭವಾಗಿ ದೊರೆಯುತ್ತಿರಲಿಲ್ಲ. ಹುಲ್ಲು ಇಬ್ಬನಿಯಿಂದ ತೊಯ್ದಿರುವಾಗಲೇ ಉದ್ದ ಹಿಡಿಯ ಕುಡುಗೋಲು ಚೆನ್ನಾಗಿ ಕೊಯ್ಯುವುದರಿಂದ, ನಸುಕಿನಲ್ಲಿಯೇ ಆಳುಗಳು ಸಾಲಾಗಿ ನಿಲ್ಲಬೇಕಾಗಿತ್ತು. ಕೊಯ್ದ ಹುಲ್ಲನ್ನು ಗುಡಿಸಿ ತೆಗೆಯುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಧಣಿಯು ಎದ್ದು ಕಿಟಕಿಯ ತೆರೆ ಸರಿಸುವ ಹೊತ್ತಿಗೆ ಹಸುರು ಮಾತ್ರ ಕಾಣಬೇಕು, ಕೈಗಳು ಕಾಣಬಾರದು.

ಹದಿನೆಂಟನೆಯ ಶತಮಾನದಲ್ಲಿ ಈ ಹಸುರು ಅರಮನೆಯ ಅಂಗಳವನ್ನು ದಾಟಿ ಬೆಟ್ಟ ಕಣಿವೆಗಳಿಗೆ ಹಬ್ಬಿತು. 'ಕೇಪಬಿಲಿಟಿ' ಬ್ರೌನ್ ಎಂದು ಪ್ರಸಿದ್ಧನಾದ ಲ್ಯಾನ್ಸೆಲಟ್ ಬ್ರೌನನು (೧೭೧೬–೧೭೮೩) ಹೂಪಾತಿ, ಬೇಲಿ, ಕತ್ತರಿಸಿದ ಪೊದೆ ಎಲ್ಲವನ್ನೂ ತೆಗೆಸಿ ಮನೆಯ ಹೊಸ್ತಿಲವರೆಗೆ ಹುಲ್ಲನ್ನು ತಂದನು. ಕುರಿಗಳು ಮನೆಯ ಬಳಿಗೆ ಬಾರದಂತೆ, ಆದರೆ ನೋಡುವವರಿಗೆ ತಡೆಯೊಂದೂ ತೋರದಂತೆ, ನೆಲದೊಳಗೆ ಅಡಗಿದ ಕಂದಕವೊಂದನ್ನು ತೋಡುತ್ತಿದ್ದರು. ಅದಕ್ಕೆ 'ಹಾ-ಹಾ' ಎಂದು ಹೆಸರು. ಕಣ್ಣು ಹರಿಯುವಷ್ಟು ದೂರ ಹಸುರು, ಅದರ ನಡುವೆ ಮೇಯುವ ಕುರಿ: ನೋಟಕ್ಕೆ ಇದಕ್ಕಿಂತ ಸೌಮ್ಯವಾದುದಿಲ್ಲ. ಆದರೆ ಆ ನೋಟಕ್ಕೆ ಅಡ್ಡವಾಗಿದ್ದ ಊರುಗಳು ಏನಾದುವು? ಆಕ್ಸ್‌ಫರ್ಡಿನ ಹತ್ತಿರದ ನ್ಯೂನಮ್ ಕೋರ್ಟ್‌ನಿಯಲ್ಲಿ ಹಾರ್ಕೋರ್ಟ್ ಪ್ರಭುವು ೧೭೬೦ರ ದಶಕದಲ್ಲಿ ಹಳ್ಳಿಯನ್ನೇ ಎತ್ತಿಸಿ ದೂರದ ರಸ್ತೆಯ ಬದಿಗೆ ಸಾಗಿಸಿದನು. ಗೋಲ್ಡ್‌ಸ್ಮಿತ್ ಕವಿಯು ೧೭೭೦ರಲ್ಲಿ ಪ್ರಕಟಿಸಿದ 'ಡೆಸರ್ಟೆಡ್ ವಿಲೇಜ್' ಕಾವ್ಯಕ್ಕೆ ಈ ಹಳ್ಳಿಯೇ ಪ್ರೇರಣೆಯೆಂದು ಪಂಡಿತರು ಹಲವರು ಭಾವಿಸುತ್ತಾರೆ. ಡಾರ್ಸೆಟ್ಟಿನಲ್ಲಿ ಮಿಲ್ಟನ್ ಪ್ರಭುವು ಮಿಡಲ್‌ಟನ್ ಎಂಬ ಪೇಟೆಯನ್ನು ಕೆಡವಿಸಿ, ಅಲ್ಲಿಯವರಿಗಾಗಿ ೧೭೮೦ರ ಸುಮಾರಿಗೆ ಕಣ್ಣಿಗೆ ಮರೆಯಾದ ಕಣಿವೆಯಲ್ಲಿ ಒಂದೇ ಮಾದರಿಯ ಮನೆಗಳನ್ನು ಕಟ್ಟಿಸಿದನು. ಅದೇ ಇಂದಿನ ಮಿಲ್ಟನ್ ಆಬಸ್.

ಇದರ ಹಿಂದೆ ಇನ್ನೂ ವಿಸ್ತಾರವಾದ ಕಥೆಯುಂಟು. ೧೬೦೪ರಿಂದ ೧೯೧೪ರವರೆಗೆ ಪಾರ್ಲಿಮೆಂಟು ೫,೨೦೦ಕ್ಕೂ ಹೆಚ್ಚು ಶಾಸನಗಳ ಮೂಲಕ ಊರವರೆಲ್ಲರ ಹಕ್ಕಿದ್ದ ಬಯಲು ಗೋಮಾಳಗಳನ್ನು ಖಾಸಗಿ ಸ್ವತ್ತಾಗಿ ಮಾಡಿತು. ಹೀಗೆ ಬೇಲಿಯೊಳಗೆ ಸೇರಿದ ನೆಲ ಸುಮಾರು ೬೮ ಲಕ್ಷ ಎಕರೆ. ಇದೆಲ್ಲವೂ ಹುಲ್ಲುಹಾಸಿಗಾಗಿ ಆಯಿತೆಂದರೆ ಅನ್ಯಾಯದ ಮಾತಾದೀತು. ಬಹುಪಾಲು ಬೇಸಾಯಕ್ಕೂ ಕುರಿಗಳಿಗೂ ಸಂದಿತು. ಆದರೆ ಬಡವನ ಹಸು ಮೇಯುತ್ತಿದ್ದ ಹುಲ್ಲು ಪರರದಾದ ಕಾಲದಲ್ಲಿಯೇ ಯಾರ ಹಸುವೂ ಮೇಯದ ಹುಲ್ಲು ಸಿರಿವಂತಿಕೆಯ ಗುರುತಾಯಿತೆಂಬುದು ಮರೆಯತಕ್ಕ ವಿಷಯವಲ್ಲ.

ಈ ಗುರುತನ್ನು ಸಾಮಾನ್ಯರ ಕೈಗೆಟುಕುವಂತೆ ಮಾಡಿದವನು ಪ್ರಭುವಲ್ಲ. ಗ್ಲಾಸ್ಟರ್‌ಷೈರಿನ ಸ್ಟ್ರೌಡ್ ಪ್ರಾಂತವು ಉಣ್ಣೆಬಟ್ಟೆಗೆ ಹೆಸರಾದದ್ದು. ಅಲ್ಲಿಯ ಗಿರಣಿಗಳಲ್ಲಿ ಬಟ್ಟೆಯ ಮೇಲೆದ್ದ ಜುಂಗನ್ನು ಸಮನಾಗಿ ಕತ್ತರಿಸುವ, ಸುರುಳಿಯಾದ ಅಲಗುಗಳ ಯಂತ್ರವೊಂದಿತ್ತು. ಅದನ್ನು ಕಂಡ ಎಡ್ವಿನ್ ಬಿಯರ್ಡ್ ಬಡಿಂಗ್ ಎಂಬ ಯಂತ್ರಕುಶಲಿಗೆ, ಬಟ್ಟೆಗೆ ಸಲ್ಲುವುದು ಹುಲ್ಲಿಗೇಕೆ ಸಲ್ಲಬಾರದೆಂದು ತೋರಿತು. ೧೮೩೦ನೆಯ ಆಗಸ್ಟ್ ೩೧ರಂದು ಅವನ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸರ್ಕಾರದ ಹಕ್ಕುಪತ್ರ ದೊರೆಯಿತು. ಜಾನ್ ಫೆರಬಿ ಎಂಬವನೊಡನೆ ಸೇರಿ ಅದನ್ನು ಥ್ರಪ್ ಎಂಬ ಊರಿನ ಕಾರ್ಖಾನೆಯಲ್ಲಿ ಎರಕಹೊಯ್ಯಿಸಿದನು. ೧೯ ಅಂಗುಲ ಅಗಲದ ಆ ಕಬ್ಬಿಣದ ಯಂತ್ರವನ್ನು ಹಿಂದಿನಿಂದ ಒಬ್ಬನು ತಳ್ಳಬೇಕು. ಮೊದಲು ಕೊಂಡವರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯವೂ ಸೇರಿತ್ತು. ೧೮೩೨ರಲ್ಲಿ ಇಪ್ಸ್‌ವಿಚ್ಚಿನ ರ‍್ಯಾನ್ಸಮ್ಸ್ ಸಂಸ್ಥೆಯವರು ಅದನ್ನು ತಯಾರಿಸತೊಡಗಿದರು. ದೊಡ್ಡ ಯಂತ್ರಗಳನ್ನು ಎಳೆಯುವ ಕುದುರೆಗಳ ಗೊರಸಿಗೆ, ನೆಲ ಹಳ್ಳಬೀಳದಂತೆ, ಚರ್ಮದ ಪಾದರಕ್ಷೆ ತೊಡಿಸುತ್ತಿದ್ದರು. ಬಡಿಂಗನು ೧೮೪೬ರಲ್ಲಿ ಗತಿಸಿದನು. ತನ್ನ ಯಂತ್ರ ಮನೆಮನೆಗೂ ಹೋದದ್ದನ್ನು ಅವನು ಕಾಣಲಿಲ್ಲ. ೧೮೭೭ರಲ್ಲಿ ವಿಂಬಲ್ಡನ್ನಿನ ಮೊದಲ ಟೆನ್ನಿಸ್ ಪಂದ್ಯ ನಡೆಯುವ ವೇಳೆಗೆ ಒಂದು ಗೇಣಿನ ಅಂಗಳವುಳ್ಳ ಗುಮಾಸ್ತನೂ ತನ್ನ ಹುಲ್ಲನ್ನು ತಾನೇ ಕತ್ತರಿಸುವ ಕಾಲ ಹತ್ತಿರವಾಗಿತ್ತು.

ಅಷ್ಟರಲ್ಲಿ ವಿಜ್ಞಾನವೂ ಹುಲ್ಲಿನ ಕಡೆಗೆ ತಿರುಗಿತು. ಚಾರ್ಲ್ಸ್ ಡಾರ್ವಿನ್ನನು ೧೮೫೯ರ ತನ್ನ ಮಹಾಗ್ರಂಥದಲ್ಲಿ ಒಂದು ಸಣ್ಣ ಪ್ರಯೋಗವನ್ನು ಹೇಳುತ್ತಾನೆ: ಮೂರಡಿಗೆ ನಾಲ್ಕಡಿಯ ಹುಲ್ಲುಹಾಸನ್ನು ಕತ್ತರಿಸದೆ ಬಿಟ್ಟಾಗ, ಅದರಲ್ಲಿದ್ದ ಇಪ್ಪತ್ತು ಜಾತಿಯ ಸಸ್ಯಗಳಲ್ಲಿ ಒಂಬತ್ತು ನಾಶವಾದುವು. ಬಲವಾದುವು ಬೆಳೆದು ದುರ್ಬಲವಾದುವನ್ನು ಮುಚ್ಚಿಬಿಟ್ಟುವು. ೧೮೫೬ರಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬ ಇಬ್ಬರು ರಾಥಮ್‌ಸ್ಟೆಡ್ಡಿನ ಹುಲ್ಲುಗಾವಲನ್ನು ಪಾಲುಮಾಡಿ, ಒಂದೊಂದಕ್ಕೆ ಒಂದೊಂದು ಗೊಬ್ಬರವಿಕ್ಕಿ ನೋಡತೊಡಗಿದರು. ಆ ಪ್ರಯೋಗ ಇಂದಿಗೂ ನಡೆಯುತ್ತಿದೆ. ಗೊಬ್ಬರವಿಲ್ಲದ ಪಾಲಿನಲ್ಲಿ ಸುಮಾರು ನಲವತ್ತು ಜಾತಿಗಳು ಕೂಡಿ ಬಾಳುತ್ತಿವೆ. ವರ್ಷವರ್ಷವೂ ಹೇರಳವಾಗಿ ಅಮೋನಿಯಂ ಸಲ್ಫೇಟು ಉಂಡು, ಸುಣ್ಣ ಕಾಣದೆ ನೆಲ ಹುಳಿಯಾದ ಪಾಲಿನಲ್ಲಿ ಉಳಿದುವು ಎರಡು ಮೂರು ಜಾತಿಗಳು. ಹೊಟ್ಟೆ ತುಂಬಿದ್ದೆಲ್ಲ ಆರೋಗ್ಯವಲ್ಲ.

ಆದಕಾರಣ ಶೀತದೇಶದ ಅನುಭವಿಗಳು ಹೇಳುವ ಆರೈಕೆ ಮಿತವಾದುದು. ಒಂದು ಸಲಕ್ಕೆ ಎಸಳಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ಬುಡ ಬೋಳಾದರೆ ಬೇರು ಬಡವಾಗುತ್ತದೆ. ಬೀಜ ಬಿತ್ತಲು ಬೇಸಗೆ ಕಳೆದು ನೆಲದಲ್ಲಿ ಬಿಸಿ ಇನ್ನೂ ಉಳಿದಿರುವ ಶರತ್ಕಾಲವೇ ಒಳ್ಳೆಯದು. ತುಳಿದು ಗಟ್ಟಿಯಾದ ನೆಲವನ್ನು ಮುಳ್ಳುಗೋಲಿನಿಂದ ಚುಚ್ಚಿ ಗಾಳಿಯಾಡಿಸಬೇಕು. ಪಾಚಿ ಬೆಳೆದರೆ ಅದು ರೋಗವಲ್ಲ, ನೆರಳು, ತೇವ, ಹುಳಿಮಣ್ಣುಗಳ ಲಕ್ಷಣ. ಎರೆಹುಳು ಶತ್ರುವಲ್ಲ, ಕೂಲಿ ಕೇಳದ ಒಕ್ಕಲಿಗ.

ಈ ಮಿತವನ್ನು ಇಪ್ಪತ್ತನೆಯ ಶತಮಾನ ಮರೆಯಿತು. ೧೯೩೯ರಲ್ಲಿ ಯುದ್ಧ ಬಂದಾಗ ಸರ್ಕಾರದ ಕರೆಗೆ ಓಗೊಟ್ಟು ಜನರು ಹುಲ್ಲುಹಾಸನ್ನು ಅಗೆದು ಆಲೂಗೆಡ್ಡೆ ನೆಟ್ಟರು. ಲಂಡನ್ ಗೋಪುರದ ಕಂದಕದಲ್ಲಿಯೂ ತರಕಾರಿ ಬೆಳೆಯಿತು. ಹಸಿವು ಬಂದೊಡನೆ ಅಲಂಕಾರ ತಾನಾಗಿ ಹಿಂದೆ ಸರಿಯಿತು. ಆದರೆ ಅದೇ ಯುದ್ಧಕಾಲದ ಸಂಶೋಧನೆಯಿಂದ ೨,೪-ಡಿ ಎಂಬ ಕಳೆನಾಶಕವೂ ಹೊರಬಂದಿತು. ಅದು ಹುಲ್ಲನ್ನು ಉಳಿಸಿ ಅಗಲ ಎಲೆಯ ಸಸ್ಯಗಳನ್ನು ಕೊಲ್ಲುತ್ತದೆ. ಅದರೊಡನೆ, ಹಿಂದೆ ಬೇಕೆಂದೇ ಬಿತ್ತುತ್ತಿದ್ದ ಕ್ಲೋವರ್ ಎಂಬ ಮೂರೆಲೆಯ ಸಸ್ಯವೂ ಕಳೆಯ ಪಟ್ಟಿಗೆ ಸೇರಿತು. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳ ಮೂಲಕ ನೆಲಕ್ಕೆ ಕೊಡುತ್ತಿದ್ದ ಆ ನೆರೆಯವನನ್ನು ಕೊಂದು, ಅದೇ ಸಾರಜನಕವನ್ನು ಅಂಗಡಿಯಿಂದ ಚೀಲದಲ್ಲಿ ಕೊಂಡುತರುವ ಕಾಲ ಬಂದಿತು. ಇತ್ತ ೧೯೩೦ರ ದಶಕದಿಂದೀಚೆಗೆ ಅಲ್ಲಿಯ ಹೂಬಿಡುವ ಹುಲ್ಲುಗಾವಲಿನಲ್ಲಿ ನೂರಕ್ಕೆ ೯೭ ಪಾಲು ಇಲ್ಲವಾಯಿತೆಂದು ಅಂದಾಜು. ಈ ನಷ್ಟವನ್ನು ಕಂಡು ೨೦೧೯ರಿಂದ ಪ್ಲಾಂಟ್‌ಲೈಫ್ ಎಂಬ ಸಂಸ್ಥೆಯು ಮೇ ತಿಂಗಳಲ್ಲಿ ಯಂತ್ರವನ್ನು ಮೂಲೆಗಿಡಿರೆಂದು ಮನೆಯವರನ್ನು ಪ್ರಾರ್ಥಿಸುತ್ತಿದೆ. ಡಾರ್ವಿನ್ನನ ಪಾಠವನ್ನು ನೆನೆದರೆ ಕತ್ತರಿಯನ್ನು ಶಾಶ್ವತವಾಗಿ ಬಿಡುವಂತಿಲ್ಲ; ಆದರೆ ಹೂವಿಗೂ ದುಂಬಿಗೂ ಒಂದು ತಿಂಗಳ ಅವಕಾಶ ಕೊಡಬಾರದೇಕೆ?

ಈ ಹಸುರಿನ ಆಸೆ ದಂಡಿನವರ ಜೊತೆಯಲ್ಲಿ ನಮ್ಮ ನಾಡಿಗೂ ಬಂದಿತು. ಬೆಂಗಳೂರಿನ ಬಂಗಲೆಗಳ ಮುಂದೆ ಹುಲ್ಲುಹಾಸುಗಳು ಮೂಡಿದುವು. ಆದರೆ ಶೀತದೇಶದ ಹುಲ್ಲು ನಮ್ಮ ಚೈತ್ರ ವೈಶಾಖಗಳ ಬಿಸಿಲನ್ನು ತಡೆಯಲಾರದು. ಇಲ್ಲಿ ನೆಲ ಹಿಡಿದು ಹಬ್ಬುವುದು ನಮ್ಮ ಗರಿಕೆಯೇ. ಒಣಗಿತೆಂದು ತೋರಿದರೂ ಮೊದಲ ಮಳೆಗೆ ಚಿಗುರುವುದು ಅದರ ಸ್ವಭಾವ. ಬೇಸಗೆಯಲ್ಲಿ ಕುಡಿಯುವ ನೀರಿಗೇ ಬಿಂದಿಗೆ ಹಿಡಿದು ಕಾಯುವವರಿರುವ ಊರಿನಲ್ಲಿ, ಲಂಡನ್ನಿನ ಆಕಾಶ ಪುಕ್ಕಟೆಯಾಗಿ ಕೊಡುವ ಹಸುರನ್ನು ಕೊಳಾಯಿಯಿಂದ ಕೊಂಡುಕೊಳ್ಳುವುದು ವಿವೇಕವೇ ಎಂದು ಕೇಳಿಕೊಳ್ಳಬೇಕು. ಇಂಗ್ಲೆಂಡಿನಿಂದ ನಾವು ಕಲಿಯಬೇಕಾದುದು ಅವರ ಹುಲ್ಲನ್ನಲ್ಲ; ತಮ್ಮ ಮಣ್ಣಿಗೆ ಒಗ್ಗುವುದನ್ನು ತಾಳ್ಮೆಯಿಂದ ಪೋಷಿಸುವ ಅವರ ಅಭ್ಯಾಸವನ್ನು. ಜ್ಯೇಷ್ಠದ ಮಳೆಗೆ ಹಸುರಾಗಿ, ಮಾಘದ ಬಿಸಿಲಿಗೆ ಹೊಂಬಣ್ಣಕ್ಕೆ ತಿರುಗುವ ಅಂಗಳವೂ ಆರೋಗ್ಯವಾದ ಅಂಗಳವೇ.